ಈ ಬಾಕ್ಸ್ ಇಲ್ಲಿ ಯಾಕೆ ಬೇಕು?

ಒಂದೇ ಕಂಪನಿಯಲ್ಲಿ 6 ವರ್ಷ ಇದ್ದು, ಒಟ್ಟು 11 ವರ್ಷದ ಅನುಭವ ಇಟ್ಟುಕೊಂಡು ಸೀನಿಯರ್ ಸಾಫ್ಟ್‌ವೇರ್ ಹುದ್ದೆಯ ಇಂಟರ್‌ವ್ಯೂಗೆ ಕೂತೆ. ಮೊದಲನೆಯದರಲ್ಲೇ ಮುಗ್ಗರಿಸಿದೆ.

ಕೋಡಿಂಗ್ ಸುತ್ತು ಚೆನ್ನಾಗೇ ಹೋಗಿತ್ತು. ಸಿಸ್ಟಮ್ ಡಿಸೈನ್ ಸುತ್ತಿನಲ್ಲಿ ಬಸ್ ಟಿಕೆಟ್ ಬುಕಿಂಗ್ ವ್ಯವಸ್ಥೆಯನ್ನು ವಿನ್ಯಾಸ ಮಾಡಿ ಅಂದರು. ಕೇಳಿದ ತಕ್ಷಣ ಸ್ಕ್ರೀನ್ ಮೇಲೆ ಒಂದೊಂದು ಭಾಗಕ್ಕೆ ಒಂದೊಂದು ಬಾಕ್ಸ್ ಬರೆಯಲು ಶುರು ಮಾಡಿದೆ. ಬರುವ ವಿನಂತಿಗಳನ್ನು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್, ಐದು ಮೈಕ್ರೋಸರ್ವಿಸ್ (ಒಂದೊಂದು ಕೆಲಸಕ್ಕೆ ಒಂದೊಂದು ಸಣ್ಣ ಪ್ರೋಗ್ರಾಮ್), ನಡುವೆ ಅವುಗಳ ಸಂದೇಶ ಸಾಗಿಸುವ ಕಾಫ್ಕಾ, ಪಕ್ಕದಲ್ಲಿ ಡೇಟಾವನ್ನು ಮೆಮೊರಿಯಲ್ಲೇ ಇಟ್ಟು ಬೇಗ ಕೊಡುವ ರೆಡಿಸ್. ಹತ್ತು ನಿಮಿಷದಲ್ಲಿ ಸ್ಕ್ರೀನ್ ತುಂಬಿತು. ಆ ಕಡೆ ಇದ್ದವರು ಕಾಫ್ಕಾ ಮೇಲೆ ಕರ್ಸರ್ ಇಟ್ಟು ಕೇಳಿದರು: "ಈ ಬಾಕ್ಸ್ ಇಲ್ಲಿ ಯಾಕೆ ಬೇಕು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾವು ಆಫೀಸಿನಲ್ಲಿ ಬಳಸುತ್ತೇವೆ, ಅದಕ್ಕೇ ಬರೆದಿದ್ದೆ. ಎರಡು ದಿನ ಬಿಟ್ಟು 'ಈ ಸಲ ಆಗಲಿಲ್ಲ' ಅಂತ ಮೇಲ್ ಬಂತು.

ಮುಂದಿನ ಎರಡು ತಿಂಗಳು ನಾನು ತಯಾರಿ ಮಾಡಿಕೊಂಡದ್ದು ಆ ಒಂದು ಪ್ರಶ್ನೆಗೇ. ಸೀನಿಯರ್ ಹುದ್ದೆಯ ಇಂಟರ್‌ವ್ಯೂ ಪೂರ್ತಿ ಅದರ ಸುತ್ತಲೇ ತಿರುಗುತ್ತದೆ. ಯಾಕೆ ಹೀಗೆ ಮಾಡಿದಿರಿ? ಬೇರೆ ದಾರಿ ಇತ್ತಲ್ಲ, ಅದನ್ನು ಯಾಕೆ ಬಿಟ್ಟಿರಿ?

ಆ ಬಸ್ ಟಿಕೆಟ್ ಪ್ರಶ್ನೆಯನ್ನೇ ಮತ್ತೆ ಕೈಗೆತ್ತಿಕೊಂಡೆ. ಈ ಸಲ ಮೊದಲು ಲೆಕ್ಕ ಹಾಕಿದೆ. ದಿನಕ್ಕೆ 5 ಲಕ್ಷ ಬುಕಿಂಗ್ ಅಂದುಕೊಳ್ಳೋಣ. ದಿನಕ್ಕೆ 86,400 ಸೆಕೆಂಡ್. ಸೆಕೆಂಡಿಗೆ ಆರು ಬುಕಿಂಗ್ ಕೂಡ ಆಗುವುದಿಲ್ಲ! ಗೌರಿ ಗಣೇಶ ಹಬ್ಬದ ನೂಕುನುಗ್ಗಲಿಗೆ 20 ಪಟ್ಟು ಹೆಚ್ಚಾದರೂ 120 ದಾಟುವುದಿಲ್ಲ. ಇಷ್ಟನ್ನು ಒಂದು ಒಳ್ಳೆಯ ಪೋಸ್ಟ್‌ಗ್ರೆಸ್ ಡೇಟಾಬೇಸ್ ಆರಾಮಾಗಿ ನೋಡಿಕೊಳ್ಳುತ್ತದೆ. ಬಸ್ಸು ಹುಡುಕುವವರ ಸಂಖ್ಯೆ ಜಾಸ್ತಿ ನಿಜ, ಆದರೆ ಅದು ಬರೀ ಓದುವ ಕೆಲಸ. ಕ್ಯಾಶ್‌ನಿಂದ, ಅಂದರೆ ಮೊದಲೇ ತೆಗೆದಿಟ್ಟ ಪ್ರತಿಯಿಂದ, ಕೊಡಬಹುದು. ಕಾಫ್ಕಾ ಸುಮ್ನೆ ಬಂದು ಕೂತಿತ್ತು.

ಭಾನುವಾರ ಅಕ್ಕನಿಗೆ ಫೋನ್ ಮಾಡಿದಾಗ ಇದನ್ನೇ ವಿವರಿಸಿದೆ. ಅವಳು ತಿಪಟೂರಿನಲ್ಲಿ ಟೀಚರ್. ಕಂಪ್ಯೂಟರ್ ಗೊತ್ತಿಲ್ಲದವರಿಗೆ ಕನ್ನಡದಲ್ಲಿ ಹೇಳಲು ಆದರೆ ನನಗೆ ನಿಜವಾಗಿ ಅರ್ಥವಾಗಿದೆ ಅಂತ ನನ್ನ ಲೆಕ್ಕ. ಒಂದೇ ಸೀಟನ್ನು ಇಬ್ಬರು ಒಟ್ಟಿಗೆ ಒತ್ತಿದರೆ ಒಬ್ಬರಿಗೆ ಮಾತ್ರ ಸಿಗಬೇಕು. ಅದಕ್ಕೆ ಆ ದಿನದ ಬಸ್ಸು, ಸೀಟ್ ನಂಬರ್ ಎರಡೂ ಸೇರಿ ಟೇಬಲ್‌ನಲ್ಲಿ ಒಂದೇ ಸಲ ಬರಬೇಕು ಅಂತ ಯೂನಿಕ್ ನಿಯಮ ಹಾಕುತ್ತೇವೆ. ಎರಡನೆಯವರನ್ನು ಡೇಟಾಬೇಸೇ ತಡೆಯುತ್ತದೆ. ದುಡ್ಡು ಕಟ್ಟಲು 10 ನಿಮಿಷ ಸೀಟು ಹಿಡಿದಿಡುತ್ತೇವೆ. ಇಷ್ಟು ಹೇಳಿದ್ದೆ, ಅವಳು ತಡೆದಳು.

"ದುಡ್ಡು ಕಟ್ ಆಗಿ ಟಿಕೆಟ್ ಬರದೇ ಹೋದ್ರೆ? ನಂಗೆ ಹೋದ ತಿಂಗಳು ಹಾಗೇ ಆಯ್ತು ಕಣೋ."

ಯೋಚನೆಗೆ ಬಿದ್ದೆ. ಪೇಮೆಂಟ್ ಆಯಿತು ಅನ್ನುವ ಸುದ್ದಿ ಹನ್ನೊಂದನೇ ನಿಮಿಷಕ್ಕೆ ಬಂದರೆ ಏನು ಮಾಡಬೇಕು? ಸೀಟು ಇನ್ನೂ ಖಾಲಿ ಇದ್ದರೆ ಕೊಡಬೇಕು, ಇಲ್ಲದಿದ್ದರೆ ಕೇಳದೇನೇ ರೀಫಂಡ್ ಆಗಬೇಕು. ಅದೇ ಸುದ್ದಿ ಎರಡು ಸಲ ಬಂದರೆ? ಟ್ರಾನ್ಸಾಕ್ಷನ್ ನಂಬರ್ ಬರೆದಿಟ್ಟುಕೊಂಡು ಎರಡನೆಯದನ್ನು ಬಿಡಬೇಕು. ಸುದ್ದಿ ಬರಲೇ ಇಲ್ಲ ಅಂದರೆ? ನಾವೇ ಹೋಗಿ ಕೇಳಬೇಕು, ಕೆಲವು ನಿಮಿಷಕ್ಕೊಮ್ಮೆ. ನಾನು ಬರೆದ ಅಷ್ಟೂ ಬಾಕ್ಸ್‌ಗಳಲ್ಲಿ ಇದ್ಯಾವುದೂ ಇರಲಿಲ್ಲ. ಆಮೇಲೆ ಎದುರಿಸಿದ ಡಿಸೈನ್ ಸುತ್ತುಗಳಲ್ಲೆಲ್ಲ ನನ್ನ ಜಾಸ್ತಿ ಸಮಯ ಇಂಥ ಕಡೆಗೇ ಹೋಯಿತು, ಅವರ ಪ್ರಶ್ನೆಗಳೂ ಅಲ್ಲೇ ಇದ್ದವು.

ಕೋಡಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಳಗ್ಗೆ ಮಗಳು ಏಳುವ ಮುಂಚೆ ಒಂದೂವರೆ ಗಂಟೆ, ಸುಮಾರು 70 ಸಮಸ್ಯೆ. ಆಟೋಕಂಪ್ಲೀಟ್ ಇಲ್ಲದ ಎಡಿಟರ್‌ನಲ್ಲಿ, ಬಾಯಿಬಿಟ್ಟು ಹೇಳುತ್ತಾ ಬರೆದೆ. ಎಲ್‌ಆರ್‌ಯು ಕ್ಯಾಶ್ (ಜಾಗ ತುಂಬಿದಾಗ ಬಹಳ ಹೊತ್ತಿನಿಂದ ಬಳಸದ್ದನ್ನು ಮೊದಲು ತೆಗೆಯುವಂಥದ್ದು) ಎರಡು ಕಡೆ ಬಂತು. ಥಟ್ಟನೆ ಹುಡುಕಲು ಹ್ಯಾಶ್‌ಮ್ಯಾಪ್, ಜೊತೆಗೆ ಬಳಸಿದ ಕ್ರಮ ಇಡಲು ಡಬ್ಲಿ ಲಿಂಕ್ಡ್ ಲಿಸ್ಟ್, ಅಷ್ಟೇ. ಆದರೆ ಅದನ್ನು ಕೈಯಲ್ಲಿ ತಪ್ಪಿಲ್ಲದೆ ಬರೆಯಲು ಅಭ್ಯಾಸ ಬೇಕೇ ಬೇಕು.

ನನಗೆ ನಿಜವಾಗಿ ಕಷ್ಟವಾದದ್ದು ನನ್ನದೇ ಕೆಲಸದ ಬಗ್ಗೆ ಮಾತಾಡುವುದು. "ನೀವು ಎದುರಿಸಿದ ದೊಡ್ಡ ತೊಂದರೆ ಹೇಳಿ" ಅಂದರೆ "ನಾವು ಸರಿ ಮಾಡಿದೆವು, ನಾವು ಬದಲಾಯಿಸಿದೆವು" ಅಂತಲೇ ಬಾಯಿಗೆ ಬರುತ್ತಿತ್ತು. ನಾನು ಮಾಡಿದೆ ಅನ್ನುವುದು ಜಂಬ ಅಂತ ಬೆಳೆದವರು ನಾವು, ಅಲ್ವಾ? ಒಬ್ಬ ಮ್ಯಾನೇಜರ್ ಮೂರು ಸಲ ಕೇಳಿದರು: "ಸರಿ, ಅದರಲ್ಲಿ ನೀವು ಮಾಡಿದ್ದು ಏನು?"

ಮನೆಗೆ ಬಂದು ನೋಟ್‌ಬುಕ್‌ನಲ್ಲಿ ನನ್ನ ಆರು ಕೆಲಸಗಳ ಬಗ್ಗೆ ಬರೆದೆ. ಒಂದು ಇದು. ಬ್ಯಾಂಕ್ ಕಡೆಯ ಸರ್ವರ್ ನಿಧಾನವಾಗಿ, ಒಂದು ರಾತ್ರಿ ನಮ್ಮ ಇಡೀ ಸರ್ವಿಸ್ ನಿಂತಿತ್ತು. ಟೈಮ್‌ಔಟ್, ಅಂದರೆ ಉತ್ತರಕ್ಕೆ ಕಾಯುವ ಮಿತಿ, 30 ಸೆಕೆಂಡ್ ಇತ್ತು. ಕನೆಕ್ಷನ್ ಪೂಲ್‌ನಲ್ಲಿ, ಅಂದರೆ ಎಲ್ಲರೂ ಹಂಚಿಕೊಂಡು ಬಳಸುವ ಸಂಪರ್ಕಗಳ ಗುಂಪಿನಲ್ಲಿ, ಇದ್ದದ್ದು 50. ಸೆಕೆಂಡಿಗೆ ಎರಡೇ ವಿನಂತಿ ಬಂದರೂ 25 ಸೆಕೆಂಡಿಗೆ ಪೂಲ್ ತುಂಬಿಬಿಡುತ್ತದೆ. ಆಮೇಲೆ ಪೇಮೆಂಟ್‌ಗೆ ಸಂಬಂಧವೇ ಇಲ್ಲದ ಪುಟಗಳೂ ತೆರೆಯುವುದಿಲ್ಲ. ಅದರ ಮೇಲೆ ನಮ್ಮ ಕೋಡ್ ಉತ್ತರ ಬರದ ಪ್ರತಿ ವಿನಂತಿಯನ್ನೂ ಮೂರು ಸಲ ರಿಟ್ರೈ ಮಾಡುತ್ತಿತ್ತು, ಅಂದರೆ ಮತ್ತೆ ಕಳಿಸುತ್ತಿತ್ತು. ಆ ರಾತ್ರಿ ಲಾಗ್ ನೋಡಿ ಇದನ್ನು ಕಂಡುಹಿಡಿದದ್ದು ನಾನು. ಟೈಮ್‌ಔಟ್ ಅನ್ನು 3 ಸೆಕೆಂಡಿಗೆ ಇಳಿಸಿದ್ದು, ಪೇಮೆಂಟ್‌ಗೆ ಬೇರೆ ಪೂಲ್ ಮಾಡಿದ್ದು ನಾನು. ರಿಟ್ರೈಗಳ ನಡುವೆ ಅಂತರ ಹಾಕಿದ್ದು ನನ್ನ ಜೊತೆಯವರು. ಹೀಗೆ ಬಿಡಿಸಿ ಬರೆದ ಮೇಲೆ 'ನಾನು' ಅನ್ನಲು ಸಂಕೋಚ ಆಗಲಿಲ್ಲ. ಅವರು ಮಾಡಿದ್ದು ಅವರ ಹೆಸರಿನಲ್ಲೇ ಇತ್ತಲ್ಲ.

ಎಲ್ಲ ಸೇರಿ ನಾಲ್ಕು ಕಂಪನಿ. ಎರಡು ಕಡೆ ಆಗಲಿಲ್ಲ, ಎರಡು ಕಡೆ ಆಫರ್ ಬಂತು. ಎಚ್‌ಆರ್ ಹೇಳುವ ಸಿಟಿಸಿಯಲ್ಲಿ (ನಮ್ಮ ಮೇಲೆ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ಕೆಲಸ ನೋಡಿ ಕೊಡುವ ವೇರಿಯಬಲ್ ಎಲ್ಲ ಸೇರಿರುತ್ತದೆ. ಆದ್ದರಿಂದ ತಿಂಗಳಿಗೆ ಕೈಗೆ ಬರುವುದೆಷ್ಟು ಅಂತ ಬರೆದು ಕೊಡಲು ಕೇಳಿದೆ. ನೋಟಿಸ್ ಪೀರಿಯಡ್ 90 ದಿನ ಅನ್ನುವುದನ್ನು ಮೊದಲ ಫೋನ್‌ನಲ್ಲೇ ಹೇಳಿದ್ದೆ. ಮುಚ್ಚಿಟ್ಟು ಕೊನೆಗೆ ಹೇಳಿದರೆ ಇಬ್ಬರಿಗೂ ತಾಪತ್ರಯ.

ಎರಡರಲ್ಲಿ ಒಂದನ್ನು ಆರಿಸಿದ್ದು ಸಂಬಳ ನೋಡಿ ಅಲ್ಲ. ಇಂಟರ್‌ವ್ಯೂ ಮುಗಿಯುವಾಗ "ನಿಮ್ಮದೇನಾದರೂ ಪ್ರಶ್ನೆ ಇದೆಯಾ" ಅಂತ ಕೇಳುತ್ತಾರಲ್ಲ, ಆಗ ಎರಡೂ ಕಡೆ ಒಂದೇ ಪ್ರಶ್ನೆ ಕೇಳಿದ್ದೆ: ಕಳೆದ ತಿಂಗಳು ಆನ್‌ಕಾಲ್‌ನಲ್ಲಿ (ಸಿಸ್ಟಮ್ ಕೈಕೊಟ್ಟರೆ ನೋಡುವ ಸರದಿಯಲ್ಲಿ) ರಾತ್ರಿ ಎಷ್ಟು ಸಲ ಎದ್ದಿರಿ? ಒಬ್ಬರು "ನಮ್ಮಲ್ಲಿ ಅಂಥ ಸಮಸ್ಯೆ ಇಲ್ಲ" ಅಂದರು. ಇನ್ನೊಬ್ಬರು ಫೋನ್ ತೆಗೆದು, ಅಲರ್ಟ್‌ಗಳನ್ನು ಹಿಂದಕ್ಕೆ ತಳ್ಳುತ್ತಾ ಎಣಿಸಿದರು. "ಮೂರು ಸಲ. ಒಂದು ಅಲರ್ಟ್ ಬರಲೇಬಾರದಿತ್ತು, ಅದನ್ನು ಮಾರನೇ ದಿನವೇ ತೆಗೆದೆವು." ನಾನು ಸೇರಿದ್ದು ಅಲ್ಲಿಗೆ.