ಬಿಯರ್ ರುಚಿ ನೋಡುವುದು ಹೇಗೆ? ಮೊದಲ ಕೆಲಸ ಮೂಗಿಗೆ

ಬೆಂಗಳೂರಿನ ಬ್ರೂಪಬ್‌ಗಳಲ್ಲಿ, ಅಂದರೆ ತಮ್ಮಲ್ಲೇ ಬಿಯರ್ ತಯಾರಿಸುವ ಪಬ್‌ಗಳಲ್ಲಿ, ಹೆಫೆವೈಜೆನ್ ಸುಲಭವಾಗಿ ಸಿಗುತ್ತದೆ. ಜರ್ಮನಿಯ ಬವೇರಿಯಾ ಕಡೆಯ ಗೋಧಿ ಬಿಯರ್ ಇದು. ಹೆಫೆ ಅಂದರೆ ಯೀಸ್ಟ್, ವೈಜೆನ್ ಅಂದರೆ ಗೋಧಿ. ರುಚಿ ನೋಡಲು ಕಲಿಯುವವರು ಇದರಿಂದಲೇ ಶುರು ಮಾಡಲಿ ಅನ್ನುತ್ತೇನೆ. ಇದರ ವಾಸನೆಗಳೆಲ್ಲ ನಮ್ಮ ಅಡುಗೆಮನೆಯಲ್ಲಿ ಇರುವಂಥವೇ.

ಗ್ಲಾಸ್ ಬಂದ ತಕ್ಷಣ ಎತ್ತಬೇಡಿ. ಜಾಸ್ತಿ ತಣ್ಣಗಿದ್ದರೆ ನಾಲಿಗೆ ಮರಗಟ್ಟುತ್ತದೆ, ಪರಿಮಳವೂ ಮೇಲೇಳುವುದಿಲ್ಲ. ಐದು ನಿಮಿಷ ಬಿಡಿ, 7-8 ಡಿಗ್ರಿಗೆ ಬರಲಿ. ಅಷ್ಟರಲ್ಲಿ ಗ್ಲಾಸನ್ನು ಗಮನಿಸಿ. ನೊರೆ ದಪ್ಪಗೆ ನಿಂತಿರಬೇಕು. ಒಳಬದಿಗೆ ಗುಳ್ಳೆಗಳು ಅಂಟಿಕೊಂಡು ಕೂತಿವೆಯಾ? ಗ್ಲಾಸ್ ಸರಿಯಾಗಿ ತೊಳೆದಿಲ್ಲ. ಸಂಕೋಚಪಡದೆ ಬೇರೆ ಕೇಳಿ. ಬಿಯರ್ ಮಬ್ಬಾಗಿದ್ದರೆ ಮಾತ್ರ ಚಿಂತೆ ಬೇಡ, ಯೀಸ್ಟನ್ನು ಸೋಸದೆ ಬಿಟ್ಟಿರುತ್ತಾರೆ.

ಈಗ ಗ್ಲಾಸನ್ನು ಮೆಲ್ಲಗೆ ಒಂದು ಸುತ್ತು ಆಡಿಸಿ, ಚಿಕ್ಕ ಚಿಕ್ಕದಾಗಿ ಎರಡು ಮೂರು ಸಲ ಮೂಸಿ. ಕಳಿತ ಬಾಳೆಹಣ್ಣು ಮೂಗಿಗೆ ಬಡಿಯುತ್ತದೆ. ಅದರ ಬೆನ್ನಿಗೇ ಲವಂಗ. ಇವೆರಡನ್ನೂ ಯಾರೂ ಹಾಕಿರುವುದಿಲ್ಲ! ಎಲ್ಲ ಯೀಸ್ಟ್‌ನ ಕೈಚಳಕ. ಹುದುಗುವಾಗ ಅದು ಐಸೋಅಮೈಲ್ ಅಸಿಟೇಟ್ ಅನ್ನುವ ರಾಸಾಯನಿಕ ತಯಾರಿಸುತ್ತದೆ. ಬಾಳೆಹಣ್ಣಿಗೆ ಆ ವಾಸನೆ ಬರುವುದೂ ಅದರಿಂದಲೇ. ಹುದುಗುವಾಗ ಬಿಸಿ ಹೆಚ್ಚಾದರೆ ಬಾಳೆಹಣ್ಣು ಮುಂದೆ ಬಂದು ಲವಂಗವನ್ನು ಮುಚ್ಚಿಬಿಡುತ್ತದೆ. ಆಗ ಬಾಳೆಹಣ್ಣಿನ ರಸಾಯನ ಕುಡಿದ ಹಾಗಾಗುತ್ತದೆ. ಲವಂಗವೇ ಜಾಸ್ತಿಯಾದರೆ ಹಲ್ಲುನೋವಿನ ಔಷಧಿ. ಎರಡೂ ಒಟ್ಟಿಗೆ ಸಿಕ್ಕರೆ ಬ್ರೂಯರ್‌ಗೆ, ಅಂದರೆ ಬಿಯರ್ ತಯಾರಿಸಿದವನಿಗೆ, ಹದ ಗೊತ್ತಿದೆ ಅಂತ ಅರ್ಥ. ಬೆಣ್ಣೆಯ ಅಥವಾ ನೆನೆದ ರಟ್ಟಿನ ವಾಸನೆ ಬಂದರೆ ವಾಪಸ್ ಕೊಡಿ.

ಇನ್ನು ಗುಟುಕು. ಬಾಯಿ ತುಂಬ ಒಂದು ಸಲ ಹೊರಳಾಡಿಸಿ ನುಂಗಿ. ವೈನ್ ರುಚಿ ನೋಡುವವರ ಹಾಗೆ ಉಗುಳಬೇಡಿ. ಹಾಪ್ಸ್ ಹೂವಿನ ಕಹಿ ಗಂಟಲಿಗೆ ಇಳಿದ ಮೇಲೇ ಪೂರ್ತಿ ತಿಳಿಯುವುದು. ನುಂಗಿದ ಕೂಡಲೇ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಮೊದಲು ಮಾಲ್ಟ್‌ನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದ) ಸಿಹಿ, ರಸ್ಕ್ ಕಚ್ಚಿದ ಹಾಗೆ. ಆಮೇಲೆ ಸಣ್ಣ ಕಹಿ ಬಂದು ಆ ಸಿಹಿಯನ್ನು ಒರೆಸಿಕೊಂಡು ಹೋಗುತ್ತದೆ. ಬಾಯಿ ಅಂಟಂಟು ಅನ್ನಿಸಬಾರದು.

ಹದ ಅಂದರೆ ಸಮಪಾಲು ಅಂದುಕೊಳ್ಳಬೇಡಿ. ಕಹಿಯನ್ನು ಐಬಿಯು ಲೆಕ್ಕದಲ್ಲಿ ಅಳೆಯುತ್ತಾರೆ. ಹೆಫೆವೈಜೆನ್‌ನಲ್ಲಿ ಅದು 8ರಿಂದ 15. ಹಾಪ್ಸ್ ಜಾಸ್ತಿ ಹಾಕುವ ಐಪಿಎ (ಇಂಡಿಯಾ ಪೇಲ್ ಏಲ್) ಬಿಯರ್‌ನಲ್ಲಿ 40 ದಾಟುತ್ತದೆ. ಅಲ್ಲಿ ಕಹಿಯದೇ ಯಜಮಾನಿಕೆ, ಆದರೂ ಅದನ್ನು ಹೊರುವಷ್ಟು ಮಾಲ್ಟ್ ಇರಲೇಬೇಕು. ಒಂದೇ ದಿನ ಎರಡನ್ನೂ ನೋಡುವುದಾದರೆ ಚಿಕ್ಕ ಗ್ಲಾಸ್‌ಗಳಲ್ಲಿ ತರಿಸಿ, ಹೆಫೆವೈಜೆನ್ ಮೊದಲು ಕುಡಿಯಿರಿ. ಕಹಿ ಮೊದಲು ಕೂತರೆ ಬಾಳೆಹಣ್ಣು ಕೈಗೆ ಸಿಗುವುದಿಲ್ಲ.

ಕೊನೆಯ ಎರಡು ಗುಟುಕು ಉಳಿಸಿಕೊಂಡು ಹತ್ತು ನಿಮಿಷ ಬಿಟ್ಟು ಕುಡಿಯಿರಿ. ತಂಪು ಇಳಿದ ಮೇಲೆ ತಪ್ಪುಗಳೆಲ್ಲ ಹೊರಬರುತ್ತವೆ. ಆಗಲೂ ಲವಂಗ ಹಾಗೇ ನಿಂತಿದ್ದರೆ, ಆ ಬ್ರೂಯರ್‌ನನ್ನು ಕರೆದು ಚೆನ್ನಾಗಿದೆ ಅಂತ ಹೇಳಿ ಬನ್ನಿ.