ಚಿಕ್ಕಮಗಳೂರಿನ ಗಿರಿಗಳಲ್ಲಿ ಓಡುವುದು ಹೇಗೆ? ಕೆರೆ ಕಾಣುವ ದಾರಿಗಳು, ಇಳಿಜಾರಿನ ಪಾಠ

ಭಾನುವಾರ ಬೆಳಿಗ್ಗೆ ಮುಳ್ಳಯ್ಯನಗಿರಿಗೆ ಹತ್ತುವ ಸರ್ಪದಾರಿಯ ಬುಡದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಹತ್ತುವವರು ಏದುಸಿರು ಬಿಡುತ್ತಾ, ಫೋಟೊ ತೆಗೆಯುತ್ತಾ ಹೇಗೋ ಹತ್ತಿಬಿಡುತ್ತಾರೆ. ಅದೇ ಜನ ಕೆಳಗೆ ಬರುವಾಗ ಮಂಡಿ ಹಿಡಿದುಕೊಂಡು, ಅಂಗೈ ತರಚಿಕೊಂಡು, ಪ್ಯಾಂಟಿನ ಹಿಂದೆಲ್ಲ ಮಣ್ಣು ಮೆತ್ತಿಕೊಂಡು ಬರುತ್ತಾರೆ. ಬೆಂಗಳೂರಿನ ಪಾರ್ಕುಗಳಲ್ಲಿ ಹತ್ತು ಕಿಲೋಮೀಟರ್ ಆರಾಮಾಗಿ ಓಡುವವರ ಪಾಡೂ ಇದೇ. ಹತ್ತುವುದಕ್ಕೆ ಎಲ್ಲರೂ ತಯಾರಾಗಿ ಬರುತ್ತಾರೆ, ಇಳಿಯುವುದನ್ನು ಯಾರೂ ಕಲಿತಿರುವುದಿಲ್ಲ. ಅದಕ್ಕೇ ಇಲ್ಲಿ ಬೇರೆ ವಿಷಯಗಳನ್ನು ಬೇಗ ಮುಗಿಸಿ, ಇಳಿಜಾರಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಂತ 1: ದಾರಿ ಆರಿಸಿಕೊಳ್ಳಿ

ಮೊದಲ ಸಲ ಬರುವವರು ನೇರವಾಗಿ ಮುಳ್ಳಯ್ಯನಗಿರಿಗೆ ಹೋಗಬೇಡಿ. ಹಿರೇಕೊಳಲೆ ಕೆರೆಯಿಂದ ಶುರು ಮಾಡಿ. ಊರಿನಿಂದ ಹತ್ತು ಕಿಲೋಮೀಟರ್ ಆಸುಪಾಸು. ಏರಿಯ ಮೇಲೆ ನಿಂತರೆ ಎದುರಿಗೆ ನೀರು, ಹಿಂದೆ ಗಿರಿಸಾಲು. ಸುತ್ತಲಿನ ರಸ್ತೆಗಳಲ್ಲಿ ಏರಿಳಿತ ಇದ್ದರೂ ಕಾಲು ಮುರಿಯುವಂಥದ್ದಲ್ಲ. ಕೆರೆಗೆ ಮಾತ್ರ ಇಳಿಯಬೇಡಿ.

ಎರಡನೆಯದು ಸಖರಾಯಪಟ್ಟಣದ ಕಡೆಯ ಅಯ್ಯನಕೆರೆ. ದೊಡ್ಡ ಕೆರೆ, ಉದ್ದನೆಯ ಏರಿ, ಪಕ್ಕದಲ್ಲೇ ಚೂಪಾಗಿ ಎದ್ದ ಶಕುನಗಿರಿ. ಏರಿಯ ಮೇಲೆ ಓಡಿ ಮೈ ಬಿಸಿ ಮಾಡಿಕೊಂಡು ಆಮೇಲೆ ಗುಡ್ಡದ ಕಡೆ ತಿರುಗಿ. ಬಯಲುಸೀಮೆ ಶುರುವಾಗುವ ಜಾಗ ಇದು, ಹಾಗಾಗಿ ಮಂಜು, ಇಂಬಳದ (ಜಿಗಣೆಯ) ಕಾಟ ಕಡಿಮೆ. ಬಿಸಿಲು ಜಾಸ್ತಿ. ನನ್ನನ್ನು ಕೇಳಿದರೆ ಇಡೀ ಜಿಲ್ಲೆಯಲ್ಲಿ ನೀರು, ಗುಡ್ಡ ಎರಡೂ ಒಟ್ಟಿಗೆ ಇಷ್ಟು ಚೆನ್ನಾಗಿ ಕಾಣುವ ಜಾಗ ಇನ್ನೊಂದಿಲ್ಲ. ಆದರೂ ಜನ ಎಲ್ಲ ಮುಳ್ಳಯ್ಯನಗಿರಿಗೇ ಮುಗಿಬೀಳುತ್ತಾರೆ.

ಮೂರನೆಯದು ಸರ್ಪದಾರಿ. ಕೈಮರ ಚೆಕ್‌ಪೋಸ್ಟ್ ದಾಟಿ ಮೇಲೆ ಹೋದರೆ ಕಾಲುದಾರಿ ಶುರುವಾಗುತ್ತದೆ. ತುದಿಯವರೆಗೆ ಮೂರು–ನಾಲ್ಕು ಕಿಲೋಮೀಟರ್ ಅಷ್ಟೇ, ಆದರೆ ಸಮತಟ್ಟು ಅನ್ನುವುದು ಕಡಿಮೆ. ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್, ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಚಿಕ್ಕಮಗಳೂರು ಪೇಟೆ ಇರುವುದು 1,090 ಮೀಟರ್ ಸುಮಾರಿಗೆ. ಮಂಜು ಇಲ್ಲದ ದಿನ ಹುಲ್ಲುಗುಡ್ಡದ ಬೆನ್ನಿನ ಮೇಲಿಂದ ಕೆಳಗೆ ಹಿರೇಕೊಳಲೆ ಕೆರೆ ಕಾಣುತ್ತದೆ. ಮೊದಲ ವಾರ ಓಡಿದ ಕೆರೆಯನ್ನು ಮೇಲಿಂದ ನೋಡುವ ಖುಷಿಯೇ ಬೇರೆ.

ಇನ್ನು ಬಾಬಾಬುಡನ್‌ಗಿರಿಯ ಮೇಲಿನ ಗಾಳಿಕೆರೆ, ಅಲ್ಲಿಂದ ಕೆಮ್ಮಣ್ಣುಗುಂಡಿ ಕಡೆಗೆ ಹೋಗುವ ಉದ್ದನೆಯ ದಾರಿ. ಇದು ಅನುಭವ ಇರುವವರಿಗೆ ಮಾತ್ರ. ಅರಣ್ಯ ಇಲಾಖೆಯ ಒಪ್ಪಿಗೆ ಮತ್ತು ದಾರಿ ಗೊತ್ತಿರುವ ಸ್ಥಳೀಯರು, ಎರಡೂ ಇದ್ದರೆ ಹೋಗಿ. ಇಲ್ಲದಿದ್ದರೆ ಬೇಡ.

ಹಂತ 2: ತಿಂಗಳು, ಹೊತ್ತು, ಒಪ್ಪಿಗೆ

ಅಕ್ಟೋಬರ್ ಕೊನೆಯಿಂದ ಜನವರಿ ತನಕ ಬನ್ನಿ. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಹುಲ್ಲು, ಕೆಸರು. ಫೆಬ್ರುವರಿ ದಾಟಿದ ಮೇಲೆ ಹುಲ್ಲು ಒಣಗಿ ಬೆಂಕಿ ಬೀಳುವ ಕಾಲ, ಎಷ್ಟೋ ಚಾರಣದ ದಾರಿಗಳನ್ನು ಇಲಾಖೆ ಮುಚ್ಚಿಬಿಡುತ್ತದೆ.

ಗಿರಿಗೆ ಹೋಗುವ ಪ್ರವಾಸಿ ವಾಹನಗಳಿಗೆ 2025ರ ಸೆಪ್ಟೆಂಬರ್‌ನಿಂದ ಆನ್‌ಲೈನ್ ಮುಂಗಡ ನೋಂದಣಿ ಬಂದಿದೆ. ಮನೆ ಬಿಡುವ ಮೊದಲೇ ಮಾಡಿಕೊಳ್ಳಿ, ಚೆಕ್‌ಪೋಸ್ಟ್‌ನಲ್ಲಿ ವಾದ ಮಾಡಿ ಪ್ರಯೋಜನ ಇಲ್ಲ. ಕಾಫಿ ತೋಟದೊಳಗೆ ಹೋಗುವ ದಾರಿಯಾದರೆ ಕೆಲಸದವರ ಲೈನ್ ಮನೆಯ ಹತ್ತಿರ ಯಾರಾದರೂ ಸಿಗುತ್ತಾರೆ, ಇಲ್ಲವೇ ತೋಟದ ಲೆಕ್ಕ ನೋಡಿಕೊಳ್ಳುವ ರೈಟರನ್ನು ಕೇಳಿ. ಜೊತೆಗೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: ‘ಅಣ್ಣ, ಈ ಕಡೆ ಆನೆ ಓಡಾಡ್ತಾ ಇದೆಯಾ?’ ಜಿಲ್ಲೆಯ ತೋಟಗಳಲ್ಲಿ ಕಾಡಾನೆ ಕಾಟ ನಿಜವಾದದ್ದು. ಇದೆ ಅಂದರೆ ಅವತ್ತು ವಾಪಸ್ ಬನ್ನಿ.

ಹಂತ 3: ಶೂ

ರೋಡ್ ಶೂ ಬೇಡ. ಅಡಿಯಲ್ಲಿ ನಾಲ್ಕೈದು ಮಿಲಿಮೀಟರ್ ಹಲ್ಲು ಇರುವ ಟ್ರೇಲ್ ಶೂ (ಕಾಲುದಾರಿಯ ಓಟದ ಶೂ) ತಗೊಳ್ಳಿ. ಸಂಜೆ ಹೊತ್ತು, ಓಡುವಾಗ ಹಾಕುವ ಸಾಕ್ಸ್ ಹಾಕಿಕೊಂಡೇ ಅಂಗಡಿಗೆ ಹೋಗಿ. ಬೆರಳ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಇರಬೇಕು. ‘ವಾಟರ್‌ಪ್ರೂಫ್’ ಅಂತ ಬರೆದಿರುವುದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ಇಬ್ಬನಿ ಹುಲ್ಲಿನಲ್ಲಿ ನೀರು ಮೇಲಿನಿಂದ ಒಳಗೆ ಬಂದೇ ಬರುತ್ತದೆ, ಬಂದ ಮೇಲೆ ಹೊರಗೆ ಹೋಗುವುದಿಲ್ಲ. ಕಡಿಮೆ ಬೆಲೆಗೆ ಸಿಗುವ ನೀರಿನ ಚೀಲಗಳೂ ಹಾಗೆಯೇ, ಎಷ್ಟು ತೊಳೆದರೂ ಪ್ಲಾಸ್ಟಿಕ್ ವಾಸನೆ ಹೋಗುವುದಿಲ್ಲ. ಅರ್ಧ ಲೀಟರಿನ ಎರಡು ಬಾಟಲಿ ಸಾಕು. ತಿನ್ನಲು ಬಾಳೆಹಣ್ಣು, ಕಡಲೆಕಾಯಿ ಚಿಕ್ಕಿ. ಎನರ್ಜಿ ಜೆಲ್ ಬೇಕೇ ಬೇಕು ಅನ್ನುವವರು ಖಾಲಿ ಪೊಟ್ಟಣ ಜೇಬಿಗೆ ಹಾಕಿಕೊಳ್ಳಿ. ಗಿರಿಯ ಹುಲ್ಲಿನಲ್ಲಿ ಆ ಹೊಳೆಯುವ ಕಾಗದ ಬಿದ್ದಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹತ್ತಿ ಬಟ್ಟೆಯ ಟೀಶರ್ಟ್ ಬೇಡ. ತುದಿಯಲ್ಲಿ ಗಾಳಿ ಬೀಸಿದಾಗ ಒದ್ದೆ ಬಟ್ಟೆಯಲ್ಲಿ ನಡುಗಬೇಕಾಗುತ್ತದೆ. ಮಡಚಿದರೆ ಮುಷ್ಟಿಯಲ್ಲಿ ಹಿಡಿಯುವಂಥ ಗಾಳಿ ಜಾಕೆಟ್ ಒಂದು ಇರಲಿ.

ಹಂತ 4: ಹತ್ತುವುದು

ಕಡಿದಾದ ಕಡೆ ನಡೆಯಿರಿ, ಪಕ್ಕದವರ ಜೊತೆ ಮಾತಾಡಲು ಆಗುವಷ್ಟು ನಿಧಾನವಾಗಿ. ಇಷ್ಟೇ.

ಹಂತ 5: ಇಳಿಯುವುದು

ಇಲ್ಲಿ ಅವಸರ ಬೇಡ, ನಿಧಾನವಾಗಿ ಓದಿ.

ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಒಂದು ಕಡೆ ಉದ್ದವಾಗುತ್ತಾ, ಇನ್ನೊಂದು ಕಡೆ ಮೈಭಾರ ತಡೆಯುತ್ತಾ ಕೆಲಸ ಮಾಡುತ್ತದೆ. ಸಮತಟ್ಟು ದಾರಿಯ ಓಟದಲ್ಲಿ ಅದಕ್ಕೆ ಈ ಕೆಲಸ ಇಷ್ಟು ಬೀಳುವುದಿಲ್ಲ. ಹಾಗಾಗಿಯೇ ಅವತ್ತು ಏನೂ ಅನ್ನಿಸದೆ, ಒಂದೆರಡು ದಿನ ಬಿಟ್ಟು ಮೆಟ್ಟಿಲು ಇಳಿಯಲು ಆಗದಷ್ಟು ನೋವು ಬರುತ್ತದೆ. ಇದಕ್ಕೆ ಮಾತ್ರೆ, ಮಂಡಿಗೆ ಹಾಕುವ ಬಿಗಿಪಟ್ಟಿ ಪರಿಹಾರ ಅಲ್ಲ. ಸ್ವಲ್ಪ ಸ್ವಲ್ಪವೇ ಇಳಿದು ಕಾಲಿಗೆ ರೂಢಿ ಮಾಡಿಸಬೇಕು.

ಜನ ಮಾಡುವ ದೊಡ್ಡ ತಪ್ಪು ಹಿಂದಕ್ಕೆ ಒರಗುವುದು. ಬೀಳುತ್ತೇನೆ ಅನ್ನುವ ಭಯಕ್ಕೆ ಮೈ ಹಿಂದೆ ಹೋಗುತ್ತದೆ, ಕಾಲು ಮುಂದೆ ಚಾಚುತ್ತದೆ, ಹಿಮ್ಮಡಿ ಮೊದಲು ನೆಲಕ್ಕೆ ಬಡಿಯುತ್ತದೆ. ಎರಡು ಅನಾಹುತ ಒಟ್ಟಿಗೆ ಆಗುತ್ತವೆ: ಏಟು ನೇರ ಮಂಡಿಗೆ ಹೋಗುತ್ತದೆ, ಶೂವಿನ ಹಲ್ಲುಗಳಲ್ಲಿ ಅರ್ಧ ನೆಲಕ್ಕೇ ತಾಗುವುದಿಲ್ಲ. ಜಾರುವುದು ಆಗಲೇ.

ಅದರ ಬದಲು ಹೀಗೆ ಮಾಡಿ. ಹಿರೇಕೊಳಲೆ ಕಡೆ ಐವತ್ತು–ಅರವತ್ತು ಮೀಟರ್ ಉದ್ದದ, ತೀರಾ ಕಡಿದಲ್ಲದ ಮಣ್ಣಿನ ಇಳಿಜಾರು ಹುಡುಕಿ. ಮೇಲೆ ನಿಂತು ಮಂಡಿ ಸ್ವಲ್ಪ ಬಗ್ಗಿಸಿ. ಸೊಂಟದಿಂದ ಬಾಗಬೇಡಿ, ಪಾದದ ಗಂಟಿನಿಂದ ಇಡೀ ಮೈ ಒಂಚೂರು ಮುಂದಕ್ಕೆ ಬರಲಿ. ಈಗ ತುಂಬಾ ಚಿಕ್ಕ ಚಿಕ್ಕ ಹೆಜ್ಜೆ, ಬೇಗ ಬೇಗ. ಪಾದ ಮೈಯ ಕೆಳಗೇ ಬೀಳಬೇಕು, ಮುಂದೆ ಚಾಚಬಾರದು. ಕಾದ ಹಂಚಿನ ಮೇಲೆ ಬರಿಗಾಲಲ್ಲಿ ಓಡಿದ ಹಾಗೆ, ಮುಟ್ಟಿತು ಎತ್ತಿತು, ಅಷ್ಟೇ. ಕೈಗಳನ್ನು ಎದೆಗೆ ಅಂಟಿಸಿಕೊಳ್ಳಬೇಡಿ, ಎರಡೂ ಕಡೆ ಅಗಲಿಸಿ ಬಿಡಿ, ಸಮತೋಲನ ಅವೇ ನೋಡಿಕೊಳ್ಳುತ್ತವೆ. ಫೋನ್ ಕೈಯಲ್ಲಿ ಇರಲೇಬಾರದು. ಬಿದ್ದಾಗ ಜನ ಫೋನ್ ಉಳಿಸಿಕೊಳ್ಳಲು ಹೋಗಿ ಮಣಿಕಟ್ಟು ಮುರಿದುಕೊಳ್ಳುತ್ತಾರೆ.

ಕಣ್ಣು ಎಲ್ಲಿರಬೇಕು? ಕಾಲಿನ ಮೇಲಲ್ಲ. ಮೂರು–ನಾಲ್ಕು ಮೀಟರ್ ಮುಂದೆ. ಅಲ್ಲಿ ನೋಡಿದ ಕಲ್ಲನ್ನು ಕಾಲು ನೆನಪಿಟ್ಟುಕೊಂಡೇ ದಾಟುತ್ತದೆ, ಇದು ನಾಲ್ಕು ಸಲ ಇಳಿದರೆ ನಿಮಗೇ ಗೊತ್ತಾಗುತ್ತದೆ. ಕೆರೆ ನೋಡಬೇಕು ಅನ್ನಿಸಿದರೆ ಪೂರ್ತಿ ನಿಂತು ನೋಡಿ. ಓಡುತ್ತಾ ನೋಡಿದವರೇ ಬೀಳುವುದು.

ನೆಲ ಬದಲಾದ ಹಾಗೆ ರೀತಿಯೂ ಬದಲಾಗಬೇಕು. ಗಟ್ಟಿ ನೆಲದ ಮೇಲೆ ಸಣ್ಣ ಉರುಟು ಕಲ್ಲು ಹರಡಿದ್ದರೆ ಅದು ಎಲ್ಲಕ್ಕಿಂತ ಮೋಸದ್ದು. ಅಲ್ಲಿ ಬ್ರೇಕ್ ಹಾಕಬೇಡಿ, ಪೂರ್ತಿ ಪಾದ ಇಟ್ಟು, ದಾರಿ ಅಗಲ ಇದ್ದರೆ ಓರೆಯಾಗಿ ಅತ್ತಿತ್ತ ಹೋಗಿ. ಒದ್ದೆ ಹುಲ್ಲು ಮೆತ್ತಗೆ ಕಾಣುತ್ತದೆ, ಅದರೊಳಗೆ ಕಲ್ಲು, ಗುಂಡಿ ಅಡಗಿರುತ್ತವೆ. ಅಲ್ಲಿ ನಡೆಯಿರಿ. ಪಾಚಿ ಕಟ್ಟಿದ ಬಂಡೆಯ ಮೇಲೆ ಯಾವ ಶೂವೂ ನಿಲ್ಲುವುದಿಲ್ಲ, ಅಂಗಡಿಯವರು ಏನೇ ಹೇಳಲಿ. ಪಕ್ಕದ ಮಣ್ಣಿನಲ್ಲಿ ಹೋಗಿ. ಮುಳ್ಳಯ್ಯನಗಿರಿಯ ಮೆಟ್ಟಿಲುಗಳ ಮೇಲೆ ಮಕ್ಕಳು, ವಯಸ್ಸಾದವರು ಇರುತ್ತಾರೆ, ಅಲ್ಲಿ ಓಡಲೇಬೇಡಿ. ಮೇಲಿರುವುದು ಗದ್ದುಗೆ, ಜನ ದೇವರಿಗೆ ಅಂತ ಬಂದಿರುತ್ತಾರೆ.

ಅಡ್ಡದಾರಿ ಹಿಡಿಯುವ ಚಾಳಿ ಬೇಡ. ಸರ್ಪದಾರಿಯ ತಿರುವುಗಳನ್ನು ಬಿಟ್ಟು ಹುಲ್ಲಿನ ಮೇಲೆ ನೇರ ಕೆಳಗೆ ಇಳಿದರೆ ಐದು ನಿಮಿಷ ಉಳಿಯಬಹುದು. ಆದರೆ ನಾಲ್ಕು ಜನ ಹೀಗೆ ಇಳಿದರೆ ಅದೇ ಜಾಡಾಗುತ್ತದೆ, ಮಳೆಗಾಲದಲ್ಲಿ ನೀರು ಅದೇ ಜಾಡು ಹಿಡಿದು ಮಣ್ಣು ಕೊಚ್ಚುತ್ತದೆ. ಗುಡ್ಡದ ಮೈಮೇಲೆ ಕೆಂಪು ಗೀರುಗಳು ಎದ್ದಿರುವುದು ಹೀಗೇ.

ಊರುಗೋಲಿನ ಬಗ್ಗೆ ಕೇಳುತ್ತಾರೆ. ಶುರುವಿನಲ್ಲಿ ಬೇಡ. ಕೋಲು ನೋಡಿಕೊಳ್ಳುವುದರಲ್ಲೇ ಗಮನ ಹೋಗುತ್ತದೆ, ಕಾಲು ಕಲಿಯುವುದಿಲ್ಲ.

ಇನ್ನು ಎರಡು ಸಣ್ಣ ಕೆಲಸ: ಮನೆಯಿಂದ ಹೊರಡುವ ಮೊದಲು ಕಾಲಿನ ಉಗುರು ಕತ್ತರಿಸಿ, ಮತ್ತು ಇಳಿಯುವ ಮೊದಲು ಶೂವಿನ ದಾರವನ್ನು ಮೇಲಿನ ಕೊನೆಯ ತೂತಿನವರೆಗೂ ಏರಿಸಿ ಬಿಗಿಯಾಗಿ ಕಟ್ಟಿ. ಹಿಮ್ಮಡಿ ಅಲ್ಲಾಡದಿದ್ದರೆ ಬೆರಳು ಮುಂದಕ್ಕೆ ಗುದ್ದುವುದಿಲ್ಲ, ಉಗುರು ಕಪ್ಪಾಗುವುದಿಲ್ಲ.

ಹಂತ 6: ಇಂಬಳ, ನಾಯಿ, ಮಂಜು

ಇಂಬಳಕ್ಕೆ ಹೆದರಬೇಡಿ. ಸಾಕ್ಸಿಗೆ ಬೇವಿನೆಣ್ಣೆ ಹಚ್ಚಿ, ಕಚ್ಚಿದರೆ ಉಗುರಿನಿಂದ ಪಕ್ಕಕ್ಕೆ ತಳ್ಳಿ ಬಿಡಿಸಿ. ಬೆಂಕಿಕಡ್ಡಿ ತೋರಿಸುವುದು ಬೇಡವೇ ಬೇಡ. ತೋಟದ ನಾಯಿ ಬೊಗಳಿದರೆ ಓಟ ನಿಲ್ಲಿಸಿ ನಡೆಯಿರಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಕಾಟಿ (ಕಾಡುಕೋಣ) ಕಂಡರೆ ಮಾತ್ರ ನಿಂತು, ಮೆಲ್ಲಗೆ ಹಿಂದೆ ಸರಿಯಿರಿ. ಫೋಟೊಗೆ ಅಂತ ಒಂದು ಹೆಜ್ಜೆಯೂ ಮುಂದೆ ಇಡಬೇಡಿ.

ಮಂಜು ಇಲ್ಲಿ ನಿಮಿಷಗಳಲ್ಲಿ ಮುಚ್ಚಿಕೊಳ್ಳುತ್ತದೆ. ಫೋನಿಗೆ ನಕ್ಷೆ ಮೊದಲೇ ಇಳಿಸಿಕೊಂಡಿರಿ, ಸಿಗ್ನಲ್ ನಂಬಬೇಡಿ. ದಾರಿ ಕಾಣದಿದ್ದರೆ ನಿಂತು ಕಾಯಿರಿ. ಒಬ್ಬರೇ ಬರಲೇಬೇಡಿ.

ಹಂತ 7: ಓಟ ಮುಗಿದ ಮೇಲೆ

ಕಾರು ಹತ್ತಿ ಹಾಗೇ ಬೆಂಗಳೂರಿಗೆ ಹೊರಡಬೇಡಿ, ಕಾಲು ಮರದ ಹಾಗೆ ಆಗಿಬಿಡುತ್ತದೆ. ಹತ್ತು ನಿಮಿಷ ನಡೆಯಿರಿ, ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಮುಂದಿನ ಇಳಿಜಾರು ಒಂದು ವಾರ ಬಿಟ್ಟು. ಹಿರೇಕೊಳಲೆಯಲ್ಲಿ ಮೂರು–ನಾಲ್ಕು ವಾರ ಹೀಗೆ ಇಳಿದು, ಮುಂದಿನ ಒಂದೆರಡು ದಿನ ಮನೆಯ ಮೆಟ್ಟಿಲು ನೋವಿಲ್ಲದೆ ಇಳಿಯಲು ಬಂದರೆ, ಆಗ ಸರ್ಪದಾರಿಗೆ ಹೊರಡಿ.