ಎಸ್‌ಎಸ್‌ಎಚ್ ಕೀಲಿಯ ರೂಪ ಬದಲಿಸುವ ಮುನ್ನ ನಕಲು ಮಾಡಿ

ಚಿಕ್ಕಮಗಳೂರಿನ ಕಾಫಿ ವರ್ತಕರೊಬ್ಬರ ಕಚೇರಿಯಲ್ಲಿ ಲೆಕ್ಕಪತ್ರದ ಸರ್ವರ್‌ಗೆ ದೂರದಿಂದ ಸುರಕ್ಷಿತವಾಗಿ ಪ್ರವೇಶಿಸಲು ಇದ್ದದ್ದು ಒಂದೇ ಎಸ್‌ಎಸ್‌ಎಚ್ ಕೀಲಿ, ಅಂದರೆ ಗುರುತು ಸಾಬೀತುಪಡಿಸುವ ಕಡತ. ಹಳೆಯ ಬ್ಯಾಕಪ್ ತಂತ್ರಾಂಶಕ್ಕೆ ಅದು ಪೆಮ್ ಎಂಬ ಹಳೆಯ ಕಡತ ರೂಪದಲ್ಲಿ ಬೇಕಿತ್ತು. ಅಲ್ಲಿನ ಹುಡುಗ ಪರಿವರ್ತನೆಯ ಆದೇಶ ಬರೆದು, ಬಾಣದ ಗುರುತಿನಿಂದ ಉತ್ತರವನ್ನು ಅದೇ ಕಡತಕ್ಕೆ ತಿರುಗಿಸಿದ. ನಾವು ಟೈಪ್ ಮಾಡಿದ ಆದೇಶಗಳನ್ನು ನಡೆಸುವ ಶೆಲ್, ಮೊದಲು ಕಡತವನ್ನು ಬರಿದು ಮಾಡಿ ಆಮೇಲೆ ಆದೇಶ ನಡೆಸುತ್ತದೆ. ನಾನು ಹಾಸನದಲ್ಲಿ ಬಸ್ ಹತ್ತಿ, ಬೇಲೂರು ದಾಟಿ ಅಲ್ಲಿಗೆ ಮುಟ್ಟಿದಾಗ ಉಳಿದಿದ್ದದ್ದು ಸೊನ್ನೆ ಬೈಟ್‌ನ ಕಡತ.

ಆದ್ದರಿಂದ ಮೊದಲು ನಕಲು ಮಾಡಿ. ಅದರ ಅನುಮತಿ 600 ಇರಲಿ, ಅಂದರೆ ಮಾಲೀಕರು ಮಾತ್ರ ಓದಿ ಬರೆಯುವಂತಿರಲಿ. ಮುಂದಿನ ಕೆಲಸವೆಲ್ಲ ನಕಲಿನ ಮೇಲೆಯೇ.

ನಕಲಿನ ಮೊದಲ ಸಾಲು ನೋಡಿ. ಅದರಲ್ಲಿ ‘ಓಪನ್‌ಎಸ್‌ಎಸ್‌ಎಚ್’ ಎಂದಿದ್ದರೆ ಹೊಸ ರೂಪ, ‘ಆರ್‌ಎಸ್‌ಎ’ ಎಂದಿದ್ದರೆ ಹಳೆಯ ಪೆಮ್. 2018ರ 7.8ನೇ ಆವೃತ್ತಿಯಿಂದ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶ ತಾನಾಗಿ ಹೊಸ ರೂಪದಲ್ಲೇ ಕೀಲಿ ಬರೆಯುತ್ತದೆ. ಇಡಿ25519 ಎಂಬ ಬಗೆಯ ಕೀಲಿಯಾದರೆ ಇಲ್ಲಿಗೇ ನಿಲ್ಲಿಸಿ. ಪೆಮ್ ಎಂದು ಕೇಳಿದರೂ ಅದು ಹೊಸ ರೂಪದಲ್ಲೇ ಉಳಿಯುತ್ತದೆ, ದೋಷದ ಸಂದೇಶವೂ ಬರುವುದಿಲ್ಲ.

ಈಗ ಎಡವುವ ಜಾಗ. ಕೀಲಿ ಸಿದ್ಧಪಡಿಸುವ ಆದೇಶವಾದ ಎಸ್‌ಎಸ್‌ಎಚ್-ಕೀಜೆನ್ ಎಂದು ಬರೆದು, ಮೈನಸ್ ಪಿ, ಮೈನಸ್ ಎಂ, ದೊಡ್ಡಕ್ಷರದಲ್ಲಿ ಪೆಮ್, ಮೈನಸ್ ಎಫ್, ಕೊನೆಗೆ ನಕಲಿನ ಹೆಸರು ಕೊಡಿ. ‘ಪಿ’ ಇರುವುದು ಗುಪ್ತಪದ ಬದಲಿಸಲು. ಬದಲಿಸುವಾಗ ಕಡತವನ್ನು ಮತ್ತೆ ಬರೆಯುವುದರಿಂದ ರೂಪವೂ ಬದಲಾಗುತ್ತದೆ. ಮೊದಲು ಹಳೆಯ ಗುಪ್ತಪದ, ಆಮೇಲೆ ಹೊಸದನ್ನು ಎರಡು ಬಾರಿ ಕೇಳುತ್ತದೆ. ಹಳೆಯದೇ ಉಳಿಯಲಿ ಎಂದುಕೊಂಡು ಬರಿಯ ಎಂಟರ್ ಒತ್ತುವವರನ್ನು ಎಷ್ಟೋ ಸಲ ಕಂಡಿದ್ದೇನೆ. ಹಾಗೆ ಒತ್ತಿದರೆ ಗುಪ್ತಪದವೇ ಅಳಿದು, ಕೀಲಿ ಬೀಗವಿಲ್ಲದ ಪೆಟ್ಟಿಗೆಯಾಗುತ್ತದೆ. ಹಳೆಯದೇ ಬೇಕಿದ್ದರೆ ಅದನ್ನೇ ಎರಡು ಬಾರಿ ಟೈಪ್ ಮಾಡಿ. ಆದೇಶದ ಸಾಲಿನಲ್ಲೇ ಗುಪ್ತಪದ ಬರೆಯುವ ಅಡ್ಡದಾರಿ ಬೇಡ, ಅದು ಶೆಲ್‌ನ ಇತಿಹಾಸದಲ್ಲಿ ಉಳಿದುಬಿಡಬಹುದು. ‘ಪಿ’ ಬದಲು ‘ಇ’ ಬಳಸುವವರೂ ಇದ್ದಾರೆ. ‘ಇ’ ಮತ್ತು ಪೆಮ್ ಸೇರಿದರೆ ಸಿಗುವುದು ಸರ್ವರ್‌ನಲ್ಲಿ ಇಡುವ ಸಾರ್ವಜನಿಕ ಕೀಲಿ ಮಾತ್ರ, ನಮ್ಮ ಬಳಿ ಗುಟ್ಟಾಗಿರಬೇಕಾದ ಖಾಸಗಿ ಕೀಲಿಯಲ್ಲ. ಆ ಹುಡುಗ ಬರೆದದ್ದೂ ಅದನ್ನೇ.

ಪುಟಿ ಎಂಬ ಇನ್ನೊಂದು ಎಸ್‌ಎಸ್‌ಎಚ್ ತಂತ್ರಾಂಶ ತನ್ನ ಕೀಲಿಯನ್ನು ಪಿಪಿಕೆ ಕಡತದಲ್ಲಿ ಇಡುತ್ತದೆ. ಅದನ್ನು ಎಸ್‌ಎಸ್‌ಎಚ್-ಕೀಜೆನ್ ಓದುವುದಿಲ್ಲ, ಅದಕ್ಕೆ ಪುಟಿಯದೇ ಸಾಧನವಾದ ಪುಟಿಜೆನ್ ಬೇಕು. ಉಬುಂಟುವಿನಲ್ಲಿ ಪುಟಿ-ಟೂಲ್ಸ್ ಪ್ಯಾಕೇಜಿನಲ್ಲಿದೆ. ಪಿಪಿಕೆಯ ಮೂರನೇ ಆವೃತ್ತಿ ಬಂದದ್ದು 2021ರಲ್ಲಿ, ಪುಟಿ 0.75ರ ಜೊತೆಗೆ. ಅದಕ್ಕಿಂತ ಹಳೆಯ ಪುಟಿಜೆನ್ ಇದ್ದರೆ ನವೀಕರಿಸಿಕೊಳ್ಳಿ. ಕೀಲಿಯನ್ನು ಬದಲಿಸಿಕೊಡುತ್ತೇವೆ ಎನ್ನುವ ಜಾಲತಾಣಗಳಿಗೆ ಮಾತ್ರ ಖಾಸಗಿ ಕೀಲಿಯನ್ನು ಎಂದೂ ಏರಿಸಬೇಡಿ. ಅಲ್ಲಿಗೆ ಹೋದ ಕೀಲಿ ನಿಮ್ಮೊಬ್ಬರದಾಗಿ ಉಳಿಯುವುದಿಲ್ಲ.

ಕೊನೆಗೆ ಮೂಲಕ್ಕೂ ನಕಲಿಗೂ ಮೈನಸ್ ವೈ, ಮೈನಸ್ ಎಫ್ ಕೊಟ್ಟು ಸಾರ್ವಜನಿಕ ಕೀಲಿ ತೆಗೆಯಿರಿ. ಸಾಲಿನ ಮೊದಲೆರಡು ಭಾಗಗಳು ಅಕ್ಷರಶಃ ಒಂದೇ ಆಗಿರಬೇಕು. ಪೆಮ್‌ನಲ್ಲಿ ಟಿಪ್ಪಣಿಗೆ ಜಾಗವಿಲ್ಲದ ಕಾರಣ ಸಾಲಿನ ಕೊನೆ ಬೇರೆಯಾಗಬಹುದು. ಕೀಲಿ ಅದೇ ಆದ್ದರಿಂದ ಸರ್ವರ್‌ನಲ್ಲಿ ಏನನ್ನೂ ಮುಟ್ಟಬೇಕಿಲ್ಲ. ಪೆಮ್‌ನ ಗುಪ್ತಪದ ರಕ್ಷಣೆ ದುರ್ಬಲ, ಹಾಗಾಗಿ ಆ ನಕಲನ್ನು ಬೇಕಾದ ಯಂತ್ರದಲ್ಲಿ ಮಾತ್ರ ಇಟ್ಟು, ಬೇರೆ ಕಡೆ ಇರುವ ಪೆಮ್ ನಕಲುಗಳನ್ನೆಲ್ಲ ಅಳಿಸಿ.